ಎರಡು ಪುಟ್ಟ ದ್ವೀಪ ದೇಶಗಳ ಸಕ್ಕರೆ ಪೂರೈಕೆ ಹೋಲಿಸುವುದು ಹೇಗೆ? ಮಾರಿಷಸ್, ಮಾಲ್ಡೀವ್ಸ್ ಇಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ಮಾರಿಷಸ್‌ನಲ್ಲಿ ಒಬ್ಬರಿಗೆ ವರ್ಷಕ್ಕೆ 214 ಕೆಜಿ ಸಕ್ಕರೆ. ಮಾಲ್ಡೀವ್ಸ್‌ನಲ್ಲಿ ಸೊನ್ನೆ.

ಈ ಹೋಲಿಕೆಗೆ ಕೈ ಹಾಕಿದವರಲ್ಲಿ ಬಹಳಷ್ಟು ಜನ ಇಂಥ ಉತ್ತರಕ್ಕೇ ಬಂದು ನಿಲ್ಲುತ್ತಾರೆ. ಲೆಕ್ಕ ಸುಲಭವಾಗಿ ಕಾಣುತ್ತದೆ. 2020ರಲ್ಲಿ ಮಾರಿಷಸ್ ಸುಮಾರು 2.7 ಲಕ್ಷ ಟನ್ ಸಕ್ಕರೆ ತಯಾರಿಸಿತು. ಜನಸಂಖ್ಯೆ ಸುಮಾರು 12.6 ಲಕ್ಷ. ಭಾಗಿಸಿದರೆ 214 ಬರುತ್ತದೆ. ಮಾಲ್ಡೀವ್ಸ್‌ನಲ್ಲಿ ಸಕ್ಕರೆ ಕಾರ್ಖಾನೆಯೇ ಇಲ್ಲ, ಹಾಗಾಗಿ ಸೊನ್ನೆ. ಆದರೆ 214 ಕೆಜಿ ಅಂದರೆ ದಿನಕ್ಕೆ 580 ಗ್ರಾಂಗಿಂತ ಜಾಸ್ತಿ. ಹಾಲು ಕುಡಿಯುವ ಮಗುವಿನಿಂದ ಹಿಡಿದು ಮಧುಮೇಹ ಇರುವ ಅಜ್ಜಿಯವರೆಗೆ ಎಲ್ಲರೂ ದಿನಾ ಅರ್ಧ ಕಿಲೋಗಿಂತ ಹೆಚ್ಚು ಸಕ್ಕರೆ ತಿನ್ನುವ ದೇಶ ಎಲ್ಲೂ ಇಲ್ಲ.

ಇಲ್ಲಿ ಭಾಗಾಕಾರ ಸರಿಯಾಗಿಯೇ ಇದೆ. ಮೇಲೆ ಇಟ್ಟ ಸಕ್ಕರೆ ಯಾರದ್ದು, ಕೆಳಗೆ ಇಟ್ಟ ಬಾಯಿಗಳು ಯಾರವು ಎಂದು ಯಾರೂ ಕೇಳಿಕೊಂಡಿಲ್ಲ, ಅಷ್ಟೇ. ಮುಂದಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇವೆ. ಹಂತಗಳ ಕ್ರಮ ಬದಲಿಸಬೇಡಿ. ಮುಂದಿನದನ್ನು ಮೊದಲು ಮಾಡಿದರೆ ಹಿಂದಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಎಕ್ಸೆಲ್ ಅಥವಾ ಅಂಥ ಯಾವುದಾದರೂ ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ.

ಮುಖ್ಯ ಅಂಕಿಅಂಶ ಸಿಗುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಂಕಿಅಂಶ ತಾಣ ಎಫ್‌ಎಒಸ್ಟಾಟ್‌ನಲ್ಲಿ. ಅದರಲ್ಲಿ ನಮಗೆ ಬೇಕಾದ ಭಾಗ ‘ಫುಡ್ ಬ್ಯಾಲೆನ್ಸ್’. ಒಂದು ದೇಶಕ್ಕೆ ಎಷ್ಟು ಆಹಾರ ಬಂತು, ಎಷ್ಟು ಹೋಯಿತು, ಉಳಿದದ್ದು ಯಾವುದಕ್ಕೆ ಬಳಕೆಯಾಯಿತು ಎಂಬ ಜಮಾ–ಖರ್ಚಿನ ಪಟ್ಟಿ ಇದು. ತಾಳೆ ನೋಡುವುದಕ್ಕೆ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ವ್ಯಾಪಾರ ಅಂಕಿ, ಸ್ಟಾಟಿಸ್ಟಿಕ್ಸ್ ಮಾರಿಷಸ್‌ನ ಪ್ರಕಟಣೆಗಳು, ಮಾಲ್ಡೀವ್ಸ್‌ನ ಬ್ಯೂರೋ ಆಫ್ ಸ್ಟಾಟಿಸ್ಟಿಕ್ಸ್ ಮತ್ತು ಕಸ್ಟಮ್ಸ್ ಅಂಕಿ ಬೇಕು.

ಜೊತೆಗೆ ಒಂದು ಖಾಲಿ ಶೀಟ್ ತೆರೆದು ‘ಟಿಪ್ಪಣಿ’ ಎಂದು ಹೆಸರಿಡಿ. ಯಾವ ಅಂಕಿಯನ್ನು ಯಾವ ದಿನ, ಎಲ್ಲಿಂದ ಇಳಿಸಿಕೊಂಡಿರಿ ಎಂದು ಅಲ್ಲಲ್ಲೇ ಬರೆದಿಡಿ. ಎಫ್‌ಎಒ ಹಳೆಯ ವರ್ಷಗಳ ಅಂಕಿಯನ್ನೂ ಆಗಾಗ ತಿದ್ದುತ್ತದೆ. ಆರು ತಿಂಗಳ ಬಳಿಕ ಮತ್ತೆ ನೋಡಿದಾಗ ಸಂಖ್ಯೆ ಬೇರೆ ಇದ್ದರೆ ಗಾಬರಿಯಾಗದೆ ಇರಲು ಈ ತಾರೀಖು ಬೇಕು.

## ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

‘ಯಾವ ದೇಶದಲ್ಲಿ ಸಕ್ಕರೆ ಜಾಸ್ತಿ?’ ಎಂಬುದು ಪ್ರಶ್ನೆಯೇ ಅಲ್ಲ. ಉತ್ಪಾದನೆಯೋ, ಆಮದೋ, ಪೂರೈಕೆಯೋ, ತಿಂದದ್ದೋ? ಒಂದೊಂದಕ್ಕೂ ಬೇರೆ ಬೇರೆ ಉತ್ತರ.

ನಮ್ಮ ಪ್ರಶ್ನೆ ಹೀಗಿರಲಿ: ‘ಇಂಥ ವರ್ಷಗಳಲ್ಲಿ, ಮಾರಿಷಸ್ ಮತ್ತು ಮಾಲ್ಡೀವ್ಸ್‌ನ ಒಬ್ಬ ನಿವಾಸಿಗೆ ಸರಾಸರಿ ವರ್ಷಕ್ಕೆ ಎಷ್ಟು ಕೆಜಿ ಸಕ್ಕರೆ ಆಹಾರವಾಗಿ ಲಭ್ಯವಿತ್ತು?’ ಇದರಲ್ಲಿ ‘ನಿವಾಸಿ’, ‘ಆಹಾರವಾಗಿ’, ‘ಲಭ್ಯ’ ಎಂಬ ಮೂರು ಪದಗಳನ್ನು ದಪ್ಪಕ್ಷರ ಮಾಡಿಕೊಳ್ಳಿ. ಮುಂದೆ ತಪ್ಪಾಗುವುದು ಈ ಮೂರರಲ್ಲೇ. ಲಭ್ಯವಿದ್ದದ್ದು ಬೇರೆ, ತಿಂದದ್ದು ಬೇರೆ. ಅಂಗಡಿಯಿಂದ ಮನೆಗೆ ಬಂದ ಮೇಲೆ ಚೆಲ್ಲಿದ್ದನ್ನು, ಇರುವೆ ಹತ್ತಿ ಎಸೆದದ್ದನ್ನು ಫುಡ್ ಬ್ಯಾಲೆನ್ಸ್ ಕಳೆಯುವುದಿಲ್ಲ.

## ಹಂತ 2: ಎರಡೂ ದೇಶಕ್ಕೆ ಒಂದೇ ಸರಣಿ, ಒಂದೇ ಬಾಬ್ತು

ಎಫ್‌ಎಒಸ್ಟಾಟ್‌ನಲ್ಲಿ ಎರಡು ಸರಣಿಗಳಿವೆ. ಒಂದು 1961ರಿಂದ 2013ರವರೆಗಿನ ಹಳೆಯ ವಿಧಾನದ್ದು. ಇನ್ನೊಂದು 2010ರಿಂದ ಈಚಿನ ಹೊಸ ವಿಧಾನದ್ದು. ಇವೆರಡನ್ನು ಅಂಟಿಸಿ ಒಂದೇ ಗೆರೆ ಎಳೆಯಬೇಡಿ. ಅಂಟಿಸಿದರೆ, ಯಾರ ತಿನ್ನುವ ಅಭ್ಯಾಸವೂ ಬದಲಾಗದಿದ್ದರೂ ಗ್ರಾಫಿನಲ್ಲಿ ಏಕ್‌ದಂ ಒಂದು ಮೆಟ್ಟಿಲು ಕಾಣಬಹುದು.

2010ರಿಂದ 2013ರವರೆಗಿನ ವರ್ಷಗಳು ಎರಡೂ ಸರಣಿಗಳಲ್ಲಿವೆ. ಆ ನಾಲ್ಕು ವರ್ಷಗಳ ಅಂಕಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ವಿಧಾನ ಬದಲಾದದ್ದರಿಂದಲೇ ಎಷ್ಟು ವ್ಯತ್ಯಾಸ ಬಂದಿದೆ ಎಂಬುದು ಗೊತ್ತಾಗುತ್ತದೆ. ಹೋಲಿಕೆಗೆ ಮಾತ್ರ ಹೊಸ ಸರಣಿಯನ್ನೇ ಬಳಸಿ.

ಇನ್ನು ಬಾಬ್ತು. ಸಕ್ಕರೆಗೆ ಸಂಬಂಧಿಸಿ ಕನಿಷ್ಠ ನಾಲ್ಕು ಹೆಸರು ಕಾಣಿಸುತ್ತವೆ. ‘ಶುಗರ್ ಕೇನ್’ ಅಂದರೆ ಕಬ್ಬು, ಸಂಕೇತ 2536. ‘ಶುಗರ್, ರಾ ಈಕ್ವಿವಲೆಂಟ್’ ಅಂದರೆ ಕಚ್ಚಾ ಸಕ್ಕರೆಯ ಲೆಕ್ಕಕ್ಕೆ ತಂದ ಸಕ್ಕರೆ, ಸಂಕೇತ 2542. ‘ಸ್ವೀಟ್ನರ್ಸ್, ಅದರ್’ ಅಂದರೆ ಗ್ಲೂಕೋಸ್, ಸಿರಪ್ಪಿನಂಥ ಬೇರೆ ಸಿಹಿಗಳು, ಸಂಕೇತ 2543. ‘ಶುಗರ್ ಅಂಡ್ ಸ್ವೀಟ್ನರ್ಸ್’ ಎಂಬುದು ಇಡೀ ಗುಂಪಿನ ಮೊತ್ತ, ಸಂಕೇತ 2909.

ನಮಗೆ ಬೇಕಾದದ್ದು 2542. ಜೇನುತುಪ್ಪ, ಸಿರಪ್ಪು ಎಲ್ಲ ಸೇರಿದ ಹೋಲಿಕೆ ಬೇಕಿದ್ದರೆ 2909. ಎರಡನ್ನೂ ಕೂಡಿಸಿದರೆ ಅದೇ ಸಕ್ಕರೆಯನ್ನು ಎರಡು ಸಲ ಎಣಿಸಿದ ಹಾಗೆ. ಕಬ್ಬು ಮತ್ತು ಸಕ್ಕರೆ ಕೂಡಿಸುವುದು ಇನ್ನೂ ದೊಡ್ಡ ತಪ್ಪು. ಒಂದು ಟನ್ ಸಕ್ಕರೆಗೆ ಸುಮಾರು ಹತ್ತು ಟನ್ ಕಬ್ಬು ನುರಿಸಬೇಕು. ಮಾರಿಷಸ್‌ನಂಥ ದೇಶದಲ್ಲಿ ಈ ಒಂದು ಸಾಲು ಸೇರಿಕೊಂಡರೆ ಲೆಕ್ಕವೆಲ್ಲ ಕೊಚ್ಚಿಹೋಗುತ್ತದೆ.

## ಹಂತ 3: ತಲಾ ಅಂಕಿ ಮಾತ್ರ ಸಾಲದು, ಎಲ್ಲ ಕಾಲಂ ಇಳಿಸಿಕೊಳ್ಳಿ

ಹೆಚ್ಚಿನವರು ತಲಾ ಕೆಜಿ ಕಾಲಂ ಒಂದನ್ನೇ ಇಳಿಸಿಕೊಂಡು ಹೋಗಿಬಿಡುತ್ತಾರೆ. ಹಾಗೆ ಮಾಡಿದರೆ ತಪ್ಪು ಹುಡುಕಲು ಕೈಯಲ್ಲಿ ಏನೂ ಇರುವುದಿಲ್ಲ. ಉತ್ಪಾದನೆ, ಆಮದು, ರಫ್ತು, ದಾಸ್ತಾನಿನ ಏರಿಳಿತ, ದೇಶದೊಳಗಿನ ಒಟ್ಟು ಪೂರೈಕೆ, ನಷ್ಟ, ಸಂಸ್ಕರಣೆ, ಇತರ ಬಳಕೆ, ಪ್ರವಾಸಿಗರ ಬಳಕೆ, ತಾಳೆಯಾಗದೆ ಉಳಿದದ್ದು, ಆಹಾರ, ತಲಾ ಕೆಜಿ, ತಲಾ ಕಿಲೋಕ್ಯಾಲರಿ ಎಲ್ಲವೂ ಇರಲಿ.

ಪ್ರತಿ ಅಂಕಿಯ ಪಕ್ಕದಲ್ಲಿ ಒಂದು ಅಕ್ಷರ ಇರುತ್ತದೆ. ಅದನ್ನು ಅಳಿಸಬೇಡಿ. ‘ಎ’ ಇದ್ದರೆ ಅಧಿಕೃತ ಅಂಕಿ. ‘ಇ’ ಇದ್ದರೆ ಅಂದಾಜು. ‘ಐ’ ಇದ್ದರೆ ಲೆಕ್ಕದ ಮಾದರಿಯಿಂದ ತುಂಬಿಸಿದ್ದು. ‘ಎಕ್ಸ್’ ಇದ್ದರೆ ಬೇರೆ ಅಂತರರಾಷ್ಟ್ರೀಯ ಸಂಸ್ಥೆಯಿಂದ ಪಡೆದದ್ದು. ಒಂದು ದೇಶದ ಆಮದು ಅಧಿಕೃತ, ಇನ್ನೊಂದರದು ತುಂಬಿಸಿದ್ದು ಅಂತಾದರೆ, ಎರಡು ಕೆಜಿ ವ್ಯತ್ಯಾಸವನ್ನು ಹಿಡಿದು ತೀರ್ಪು ಕೊಡಬಾರದು, ಅಲ್ವಾ?

## ಹಂತ 4: ಜಮಾ–ಖರ್ಚು ಕೂಡುತ್ತದೆಯೇ ನೋಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ಸೂತ್ರ ಸರಳ. ಉತ್ಪಾದನೆಗೆ ಆಮದು ಕೂಡಿಸಿ, ರಫ್ತು ಕಳೆದು, ದಾಸ್ತಾನಿನ ಬದಲಾವಣೆ ಸರಿಹೊಂದಿಸಿದರೆ ದೇಶದೊಳಗಿನ ಪೂರೈಕೆ ಬರಬೇಕು. ಇನ್ನೊಂದು ಕಡೆಯಿಂದ ಆಹಾರ, ಪ್ರವಾಸಿಗರ ಬಳಕೆ, ನಷ್ಟ, ಇತರ ಬಳಕೆ ಎಲ್ಲ ಕೂಡಿಸಿದರೂ ಅದೇ ಮೊತ್ತ ಬರಬೇಕು.

ಗೊಂದಲವಾಗುವುದು ದಾಸ್ತಾನಿನ ಚಿಹ್ನೆಯಲ್ಲಿ. ಗೋದಾಮಿಗೆ ಸೇರಿದ್ದನ್ನು ಕೆಲವು ಕಡೆ ಕೂಡು ಚಿಹ್ನೆಯಲ್ಲಿ ತೋರಿಸುತ್ತಾರೆ, ಕೆಲವು ಕಡೆ ಕಳೆ ಚಿಹ್ನೆಯಲ್ಲಿ. ನೆನಪಿನ ಮೇಲೆ ಹೋಗಬೇಡಿ. ಎರಡೂ ರೀತಿ ಲೆಕ್ಕ ಮಾಡಿ, ಯಾವುದು ಪಟ್ಟಿಯಲ್ಲಿರುವ ಪೂರೈಕೆಗೆ ಕೂಡುತ್ತದೋ ಅದೇ ಸರಿ ಎಂದು ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ಒಂದು ಕಲ್ಪಿತ ದೇಶ ತೆಗೆದುಕೊಳ್ಳೋಣ. ಅಂಕಿಗಳೆಲ್ಲ ಸಾವಿರ ಟನ್‌ಗಳಲ್ಲಿ. ಉತ್ಪಾದನೆ 270, ಆಮದು 60, ರಫ್ತು 285. ಗೋದಾಮಿಗೆ ಹೊಸದಾಗಿ ಸೇರಿದ್ದು 5. ಆಗ 270 + 60 − 285 − 5 = 40. ಆ ಕಡೆ ಆಹಾರ 37, ಪ್ರವಾಸಿಗರು 1, ಇತರ ಬಳಕೆ 2. ಮೊತ್ತ 40. ಕೂಡಿತು. ದಾಸ್ತಾನಿನ ಚಿಹ್ನೆ ತಿರುಗಿಸಿದ್ದರೆ 50 ಬರುತ್ತಿತ್ತು. ಆ 10 ಸಾವಿರ ಟನ್ ತಪ್ಪು 12.6 ಲಕ್ಷ ಜನಕ್ಕೆ ಹಂಚಿದಾಗ ತಲಾ ಸುಮಾರು 8 ಕೆಜಿ ಆಗುತ್ತದೆ. ಅಷ್ಟು ಸಾಕು, ಎರಡು ದೇಶಗಳ ಸ್ಥಾನವೇ ಅದಲುಬದಲಾಗುತ್ತದೆ.

ಇದೇ ಉದಾಹರಣೆಯಲ್ಲಿ ಇನ್ನೊಂದು ಗಮನಿಸಿ. ಉತ್ಪಾದನೆ 270, ರಫ್ತು 285. ಬೆಳೆದದ್ದಕ್ಕಿಂತ ಮಾರಿದ್ದು ಜಾಸ್ತಿ! ಇದು ಟೈಪಿಂಗ್ ತಪ್ಪು ಅಂತ ತಿದ್ದಲು ಹೋಗಬೇಡಿ. ಮಾರಿಷಸ್‌ನಲ್ಲಿ ಇಂಥದ್ದು ನಡೆಯಲು ನಿಜವಾದ ಕಾರಣವಿದೆ. ಆ ದೇಶ ತನ್ನ ಡೆಮೆರಾರಾ, ಮಸ್ಕೊವಾಡೋ ಥರದ ವಿಶೇಷ ಕಂದು ಸಕ್ಕರೆಗಳನ್ನು ಒಳ್ಳೆಯ ಬೆಲೆಗೆ ಯುರೋಪ್ ಮೊದಲಾದ ಕಡೆ ಕಳಿಸುತ್ತದೆ. ಹೊರಗಿನಿಂದ ಸಕ್ಕರೆ ತರಿಸಿಕೊಳ್ಳುತ್ತದೆ ಕೂಡ. ತರಿಸಿದ್ದರಲ್ಲಿ ಸ್ವಲ್ಪ ಊರಿನವರ ಬಳಕೆಗೆ. ಇನ್ನು ಸ್ವಲ್ಪ ಕಚ್ಚಾ ಸಕ್ಕರೆಯನ್ನು ಶುದ್ಧೀಕರಿಸಿ ಮತ್ತೆ ರಫ್ತು ಮಾಡುತ್ತಾರೆ. ಹಾಗಾಗಿ ‘ಕಬ್ಬು ಬೆಳೆಯುವ ದೇಶಕ್ಕೆ ಸಕ್ಕರೆ ಆಮದು ಯಾಕೆ?’ ಎಂದುಕೊಂಡು ಆಮದು ಕಾಲಂ ಬಿಟ್ಟರೆ ಲೆಕ್ಕ ಕೆಡುತ್ತದೆ.

ಮಾಲ್ಡೀವ್ಸ್‌ನ ಲೆಕ್ಕ ಇದಕ್ಕಿಂತ ಸುಲಭ. ಉತ್ಪಾದನೆ ಇಲ್ಲ. ಆಮದೇ ಎಲ್ಲ. ಆದರೆ ಸುಲಭವಾದದ್ದಕ್ಕೇ ಅಪಾಯವೂ ಇದೆ. ಆಮದಿನ ಒಂದು ಅಂಕಿ ತಪ್ಪಿದರೆ ಸರಿದೂಗಿಸಲು ಬೇರೆ ಸಾಲುಗಳೇ ಇಲ್ಲ.

## ಹಂತ 5: ಕಚ್ಚಾ ಸಕ್ಕರೆಯೋ, ಬಿಳಿ ಸಕ್ಕರೆಯೋ?

ಫುಡ್ ಬ್ಯಾಲೆನ್ಸ್ ಎಲ್ಲವನ್ನೂ ಕಚ್ಚಾ ಸಕ್ಕರೆಯ ತೂಕಕ್ಕೆ ತರುತ್ತದೆ. 1 ಕೆಜಿ ಶುದ್ಧೀಕರಿಸಿದ ಬಿಳಿ ಸಕ್ಕರೆ ಅಂದರೆ 1.087 ಕೆಜಿ ಕಚ್ಚಾ ಸಕ್ಕರೆ. ಕಸ್ಟಮ್ಸ್ ಅಂಕಿ ಮಾತ್ರ ಹಡಗಿನಲ್ಲಿ ಬಂದ ಮೂಟೆಯ ನಿಜ ತೂಕ ಹೇಳುತ್ತದೆ.

ಮಾಲ್ಡೀವ್ಸ್‌ಗೆ ಕಸ್ಟಮ್ಸ್ ಅಂಕಿ, ಮಾರಿಷಸ್‌ಗೆ ಎಫ್‌ಎಒ ಅಂಕಿ ತೆಗೆದುಕೊಂಡಿರಿ ಎಂದುಕೊಳ್ಳಿ. ಎರಡೂ ಕಡೆ ಜನ ಸರಿಯಾಗಿ 30 ಕೆಜಿ ಬಿಳಿ ಸಕ್ಕರೆ ಬಳಸಿದರೂ ಒಂದು ಕಡೆ 30, ಇನ್ನೊಂದು ಕಡೆ 32.6 ಕಾಣುತ್ತದೆ. ವ್ಯತ್ಯಾಸ ಸುಮ್ನೆ ಘಟಕದ್ದು. ಯಾವುದಾದರೂ ಒಂದಕ್ಕೆ ಪರಿವರ್ತಿಸಿ, ಯಾವುದು ಎಂದು ಕಾಲಂ ತಲೆಬರಹದಲ್ಲೇ ಬರೆಯಿರಿ.

## ಹಂತ 6: ಛೇದದಲ್ಲಿ ಯಾರ ಬಾಯಿ?

ದೊಡ್ಡ ದೇಶಗಳಲ್ಲಿ ಈ ಪ್ರಶ್ನೆಯನ್ನು ಬಿಟ್ಟರೂ ನಡೆಯುತ್ತದೆ. ಪುಟ್ಟ ದ್ವೀಪಗಳಲ್ಲಿ ನಡೆಯುವುದಿಲ್ಲ.

ಮಾಲ್ಡೀವ್ಸ್‌ನ 2022ರ ಜನಗಣತಿಯ ಪ್ರಕಾರ ಅಲ್ಲಿ ವಾಸವಿದ್ದವರು 5,15,132 ಜನ. ಅವರಲ್ಲಿ ಮಾಲ್ಡೀವ್ಸ್‌ನವರು ಸುಮಾರು 3.83 ಲಕ್ಷ. ಉಳಿದ 1.32 ಲಕ್ಷ ವಿದೇಶಿಯರು. ಅವರಲ್ಲಿ ಹೆಚ್ಚಿನವರು ಬಾಂಗ್ಲಾದೇಶ, ಭಾರತ, ಶ್ರೀಲಂಕಾದಂಥ ಕಡೆಗಳಿಂದ ಕೆಲಸಕ್ಕೆ ಬಂದವರು. ಅವರೂ ಚಹಾ ಕುಡಿಯುತ್ತಾರೆ, ಅವರ ಚಹಾಕ್ಕೂ ಸಕ್ಕರೆ ಬೇಕು.

ಪೂರೈಕೆ 15 ಸಾವಿರ ಟನ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. 3.83 ಲಕ್ಷದಿಂದ ಭಾಗಿಸಿದರೆ ತಲಾ 39 ಕೆಜಿ. 5.15 ಲಕ್ಷದಿಂದ ಭಾಗಿಸಿದರೆ 29 ಕೆಜಿ. ಅದೇ ಸಕ್ಕರೆ, ಅದೇ ವರ್ಷ, ಹತ್ತು ಕೆಜಿ ವ್ಯತ್ಯಾಸ. ಅದಕ್ಕೇ ‘ಜನಸಂಖ್ಯೆ’ ಎಂದು ಸಿಕ್ಕಿದ ಮೊದಲ ಸಂಖ್ಯೆಯನ್ನು ಎತ್ತಿಕೊಳ್ಳಬೇಡಿ. ನಾಗರಿಕರೋ, ನಿವಾಸಿಗಳೋ ಎಂದು ನೋಡಿ. ಎರಡೂ ದೇಶಕ್ಕೆ ವಿಶ್ವಸಂಸ್ಥೆಯ ಜನಸಂಖ್ಯಾ ಅಂದಾಜನ್ನೇ ಬಳಸುವುದು ಒಳ್ಳೆಯದು. ಫುಡ್ ಬ್ಯಾಲೆನ್ಸ್ ಬಳಸುವುದೂ ಅದನ್ನೇ.

ಇನ್ನು ಪ್ರವಾಸಿಗರು. 2024ರಲ್ಲಿ ಮಾಲ್ಡೀವ್ಸ್‌ಗೆ 20 ಲಕ್ಷಕ್ಕಿಂತ ಜಾಸ್ತಿ ಪ್ರವಾಸಿಗರು ಬಂದರು. ಮಾರಿಷಸ್‌ಗೆ ಬಂದವರು ಸುಮಾರು 13.8 ಲಕ್ಷ. ಇವರನ್ನು ನೇರವಾಗಿ ಜನಸಂಖ್ಯೆಗೆ ಕೂಡಿಸುವವರಿದ್ದಾರೆ. ಅದು ತಪ್ಪು, ಯಾಕೆಂದರೆ ಪ್ರವಾಸಿ ಇರುವುದು ವರ್ಷವಿಡೀ ಅಲ್ಲ. ಉಳಿದ ರಾತ್ರಿಗಳಿಂದ ಗುಣಿಸಿ 365ರಿಂದ ಭಾಗಿಸಿ. ಮಾಲ್ಡೀವ್ಸ್‌ನಲ್ಲಿ ಸರಾಸರಿ ಏಳೂವರೆ ರಾತ್ರಿ ಎಂದಿಟ್ಟುಕೊಂಡರೆ, ಯಾವುದೇ ದಿನ ಅಲ್ಲಿರುವ ಪ್ರವಾಸಿಗರು ಸುಮಾರು 41 ಸಾವಿರ. ಮಾರಿಷಸ್‌ನಲ್ಲಿ ಜನ ಸ್ವಲ್ಪ ಜಾಸ್ತಿ ದಿನ ಉಳಿಯುತ್ತಾರೆ. 11 ರಾತ್ರಿ ಎಂದಿಟ್ಟುಕೊಂಡರೆ ಅಲ್ಲೂ 41–42 ಸಾವಿರ.

ಸಂಖ್ಯೆ ಹೆಚ್ಚುಕಡಿಮೆ ಒಂದೇ. ಭಾರ ಮಾತ್ರ ಬೇರೆ. ಮಾಲ್ಡೀವ್ಸ್‌ನ 5.15 ಲಕ್ಷದ ಎದುರು ಅದು ಶೇ 8. ಮಾರಿಷಸ್‌ನ 12.6 ಲಕ್ಷದ ಎದುರು ಶೇ 3ರ ಚಿಲ್ಲರೆ. ಜೊತೆಗೆ ರೆಸಾರ್ಟಿನ ಬಫೆಯಲ್ಲಿ ಖರ್ಚಾಗುವ ಸಕ್ಕರೆಯೂ ಮನೆಯಲ್ಲಿ ಖರ್ಚಾಗುವುದೂ ಒಂದೇ ಪ್ರಮಾಣದಲ್ಲಿ ಇರಬೇಕೆಂದಿಲ್ಲ.

ಇಲ್ಲೇ ಇನ್ನೊಂದು ಎಚ್ಚರ. ಹೊಸ ಫುಡ್ ಬ್ಯಾಲೆನ್ಸ್‌ನಲ್ಲಿ ‘ಟೂರಿಸ್ಟ್ ಕನ್ಸಂಪ್ಷನ್’ ಎಂಬ ಬೇರೆ ಕಾಲಂ ಇದೆ. ಅದರಲ್ಲಿ ಅಂಕಿ ಇದ್ದರೆ ಪ್ರವಾಸಿಗರ ಪಾಲನ್ನು ಆಹಾರದಿಂದ ಆಗಲೇ ಬೇರೆ ಮಾಡಿದ್ದಾರೆ ಎಂದರ್ಥ. ಮತ್ತೆ ನೀವು ಛೇದಕ್ಕೆ ಪ್ರವಾಸಿಗರನ್ನು ಸೇರಿಸಿದರೆ ಒಂದೇ ತಿದ್ದುಪಡಿ ಎರಡು ಸಲ ಆಗುತ್ತದೆ. ಆ ಕಾಲಂ ಖಾಲಿ ಅಥವಾ ಸೊನ್ನೆ ಇದ್ದಾಗ ಮಾತ್ರ ಮೇಲಿನ ಲೆಕ್ಕ ಮಾಡಿ.

## ಹಂತ 7: ದುಂಡಾಗಿಸಿದ ಅಂಕಿ ಎಷ್ಟು ನುಂಗುತ್ತದೆ ಎಂದು ಅಳೆಯಿರಿ

ಟನ್ ಕಾಲಂಗಳ ಘಟಕ ಸಾವಿರ ಟನ್. ಭಾರತದಂಥ ದೇಶಕ್ಕೆ ಸಾವಿರ ಟನ್ ಅನ್ನುವುದು ಏನೇನೂ ಅಲ್ಲ. ಮಾಲ್ಡೀವ್ಸ್‌ನಲ್ಲಿ ಅದು ತಲಾ 2 ಕೆಜಿ. ಪೂರ್ಣಾಂಕಕ್ಕೆ ದುಂಡಾಗಿಸಿದ ಅಂಕಿ ಸಿಕ್ಕಿದರೆ ಆಚೆ ಈಚೆ 500 ಟನ್ ಅನುಮಾನ ಇದ್ದೇ ಇರುತ್ತದೆ. ಅಂದರೆ ಮಾಲ್ಡೀವ್ಸ್‌ನಲ್ಲಿ ಆಚೆ ಈಚೆ 1 ಕೆಜಿ, ಮಾರಿಷಸ್‌ನಲ್ಲಿ 400 ಗ್ರಾಂ.

ಇದೇ ವಿಧಾನವನ್ನು ಇನ್ನೂ ಚಿಕ್ಕ ದೇಶಕ್ಕೆ ಒಯ್ದರೆ ಕಷ್ಟ ಶುರುವಾಗುತ್ತದೆ. ಕೆರಿಬಿಯನ್‌ನ ಸೇಂಟ್ ಕಿಟ್ಸ್ ಅಂಡ್ ನೆವಿಸ್ 2005ರಲ್ಲಿ ಸಕ್ಕರೆ ಉದ್ಯಮವನ್ನೇ ಮುಚ್ಚಿತು. ಅಲ್ಲಿನ ಜನಸಂಖ್ಯೆ 50 ಸಾವಿರದ ಆಸುಪಾಸು. 500 ಟನ್ ಎಂದರೆ ಅಲ್ಲಿ ತಲಾ 10 ಕೆಜಿ! ಅಂಥ ಕಡೆ ಟನ್ ಕಾಲಂನಿಂದ ನೀವೇ ಭಾಗಿಸಬೇಡಿ. ಪಟ್ಟಿಯ ತಲಾ ಕಾಲಂ ಬಳಸಿ, ಕೆಜಿಯಲ್ಲೇ ಸಿಗುವ ಕಸ್ಟಮ್ಸ್ ಅಂಕಿಯಿಂದ ತಾಳೆ ನೋಡಿ.

## ಹಂತ 8: ಒಂದು ವರ್ಷವನ್ನು ನಂಬಬೇಡಿ

ದ್ವೀಪಕ್ಕೆ ಸಕ್ಕರೆ ದಿನಾ ಬರುವುದಿಲ್ಲ. ಹಡಗು ಬಂದಾಗ ಬರುತ್ತದೆ. ಡಿಸೆಂಬರ್ ಕೊನೆಗೆ ಬರಬೇಕಾದ ಸರಕು ಜನವರಿ ಮೊದಲ ವಾರ ಇಳಿದರೆ, ಒಂದು ವರ್ಷ ಬರ, ಮುಂದಿನ ವರ್ಷ ಸುಗ್ಗಿ ಕಂಡಂತೆ ಆಗುತ್ತದೆ. ದಾಸ್ತಾನಿನ ಅಂಕಿ ಸರಿಯಾಗಿದ್ದರೆ ಇದು ಸರಿಹೋಗಬೇಕು. ಪುಟ್ಟ ದೇಶಗಳಲ್ಲಿ ದಾಸ್ತಾನಿನ ಅಂಕಿ ಬಹಳ ಸಲ ಅಂದಾಜಿನದ್ದೇ. ಅದಕ್ಕೆ ಕನಿಷ್ಠ ಮೂರು ವರ್ಷಗಳ ಸರಾಸರಿ ತೆಗೆಯಿರಿ.

2020 ಮತ್ತು 2021ನ್ನು ಮಾತ್ರ ಈ ಸರಾಸರಿಯಲ್ಲಿ ಸೇರಿಸಬೇಡಿ, ಬೇರೆಯಾಗಿ ತೋರಿಸಿ. ಮಾಲ್ಡೀವ್ಸ್‌ಗೆ 2019ರಲ್ಲಿ ಸುಮಾರು 17 ಲಕ್ಷ ಪ್ರವಾಸಿಗರು ಬಂದಿದ್ದರು. 2020ರಲ್ಲಿ ಸುಮಾರು 5.55 ಲಕ್ಷಕ್ಕೆ ಇಳಿಯಿತು. ಮಾರ್ಚ್ ಕೊನೆಯಿಂದ ಜುಲೈ ನಡುವಿನವರೆಗೆ ಗಡಿಯೇ ಮುಚ್ಚಿತ್ತು. ಮಾರಿಷಸ್ ಪೂರ್ತಿಯಾಗಿ ಬಾಗಿಲು ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಎರಡೂ ದೇಶಗಳ ಪೆಟ್ಟು ಒಂದೇ ತಿಂಗಳುಗಳಲ್ಲಿ ಬಿದ್ದಿಲ್ಲ. ಹಾಗಾಗಿ ಆ ಎರಡು ವರ್ಷಗಳ ಹೋಲಿಕೆ ಸಕ್ಕರೆಗಿಂತ ವಿಮಾನಗಳ ಕಥೆಯನ್ನೇ ಜಾಸ್ತಿ ಹೇಳುತ್ತದೆ.

ವರ್ಷ ಎಂದರೆ ಯಾವ ವರ್ಷ ಎಂಬುದನ್ನೂ ನೋಡಿ. ಫುಡ್ ಬ್ಯಾಲೆನ್ಸ್ ಜನವರಿಯಿಂದ ಡಿಸೆಂಬರ್. ಭಾರತದ ರಫ್ತು ಅಂಕಿ ಬಹಳ ಸಲ ಏಪ್ರಿಲ್‌ನಿಂದ ಮಾರ್ಚ್. ನಮ್ಮ ಸಕ್ಕರೆ ಹಂಗಾಮು ಅಕ್ಟೋಬರ್‌ನಿಂದ ಸೆಪ್ಟೆಂಬರ್. ಮಾರಿಷಸ್‌ನಲ್ಲಿ ಕಬ್ಬು ಕಟಾವು ಜೂನ್ ಸುಮಾರಿಗೆ ಶುರುವಾಗಿ ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ‘2022–23’ ಎಂದು ಬರೆದ ಅಂಕಿಯನ್ನು 2022ರ ಸಾಲಿಗೆ ಹಾಗೇ ಹಾಕಬೇಡಿ.

## ಹಂತ 9: ವ್ಯಾಪಾರದ ಅಂಕಿಯಿಂದ ತಾಳೆ ನೋಡಿ, ಕೋಟಾ ನೋಡಿ ಮೋಸಹೋಗಬೇಡಿ

ಕಾಮ್‌ಟ್ರೇಡ್‌ನಲ್ಲಿ ಸಕ್ಕರೆಯ ಶೀರ್ಷಿಕೆ, ಅಂದರೆ ಆ ಸರಕಿನ ಗುಂಪನ್ನು ಗುರುತಿಸುವ ಸಂಕೇತ, 1701. ಅದರೊಳಗೆ 170113 ಮತ್ತು 170114 ಕಬ್ಬಿನ ಕಚ್ಚಾ ಸಕ್ಕರೆ. ಶುದ್ಧೀಕರಿಸಿದ್ದು ಬಹುತೇಕ 170199ರಲ್ಲಿ. ಮೌಲ್ಯ ಬೇಡ, ತೂಕ ತೆಗೆದುಕೊಳ್ಳಿ. ಡಾಲರ್ ಮೊತ್ತದಲ್ಲಿ ಸಾಗಣೆ, ವಿಮೆ ಎಲ್ಲ ಸೇರಿ ಬೇರೆ ತಲೆನೋವು.

ಮಾಲ್ಡೀವ್ಸ್ ಹೇಳಿದ ಆಮದನ್ನು, ಮಾಲ್ಡೀವ್ಸ್‌ಗೆ ಮಾರಿದ ದೇಶಗಳು ಹೇಳಿದ ರಫ್ತಿನ ಜೊತೆ ಇಟ್ಟು ನೋಡಿ. ಸರಕು ಹೊರಟ ತಿಂಗಳು ಬೇರೆ, ಇಳಿದ ತಿಂಗಳು ಬೇರೆ ಆಗಿರುವುದರಿಂದ ಸ್ವಲ್ಪ ವ್ಯತ್ಯಾಸ ಸಹಜ. ಒಂದು ಇನ್ನೊಂದರ ಎರಡು ಪಟ್ಟು ಇದ್ದರೆ ಅಲ್ಲೇ ನಿಂತು ಕಾರಣ ಹುಡುಕಿ.

ಭಾರತದ ಓದುಗರು ಎಡವುವ ಒಂದು ಜಾಗ ಇಲ್ಲೇ ಇದೆ. ಭಾರತ ಮತ್ತು ಮಾಲ್ಡೀವ್ಸ್ ನಡುವೆ 1981ರ ವ್ಯಾಪಾರ ಒಪ್ಪಂದವಿದೆ. ಅದರಡಿ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಈರುಳ್ಳಿ, ಮೊಟ್ಟೆ ಮೊದಲಾದವಕ್ಕೆ ಭಾರತ ಪ್ರತಿ ವರ್ಷ ರಫ್ತು ಕೋಟಾ ಕೊಡುತ್ತದೆ. ಭಾರತದಿಂದ ಸಕ್ಕರೆ ರಫ್ತಿಗೆ 2022ರ ಜೂನ್‌ನಿಂದ ನಿರ್ಬಂಧ ಬಂದ ಮೇಲೂ ಈ ಕೋಟಾ ನಿಲ್ಲಲಿಲ್ಲ. 2024–25ಕ್ಕೆ ಸಕ್ಕರೆಗೆ ಕೊಟ್ಟ ಕೋಟಾ 64,494 ಟನ್. ಪತ್ರಿಕೆಯಲ್ಲಿ ಈ ಸಂಖ್ಯೆ ನೋಡಿದ ಕೂಡಲೇ ಆಮದು ಕಾಲಂಗೆ ಹಾಕುವವರು ಬಹಳ.

ಭಾಗಿಸಿ ನೋಡಿ. 5.15 ಲಕ್ಷ ಜನಕ್ಕೆ ತಲಾ 125 ಕೆಜಿ. ದಿನಕ್ಕೆ 340 ಗ್ರಾಂ ದಾಟುತ್ತದೆ. ಪ್ರವಾಸಿಗರನ್ನು ಸೇರಿಸಿದರೂ ಇದು ನಡೆಯದ ಮಾತು. ಕೋಟಾ ಎಂದರೆ ‘ಇಷ್ಟರವರೆಗೆ ಕಳಿಸಬಹುದು’ ಎಂಬ ಮಿತಿ. ಕಳಿಸಿದ ತೂಕ ಅಲ್ಲ.

## ಹಂತ 10: ಬೇರೆ ಹೆಸರಿನಲ್ಲಿ ಬರುವ ಸಕ್ಕರೆ

ಮಾಲ್ಡೀವ್ಸ್‌ನ ಅಂಗಡಿಗೆ ಬರುವ ಬಿಸ್ಕತ್ತು, ಕೇಕು ಫುಡ್ ಬ್ಯಾಲೆನ್ಸ್‌ನಲ್ಲಿ ಗೋಧಿಯ ಗುಂಪಿಗೆ ಹೋಗುತ್ತವೆ. ಅವುಗಳಲ್ಲಿರುವ ಸಕ್ಕರೆ ನಮ್ಮ 2542ರ ಸಾಲಿನಲ್ಲಿ ಕಾಣುವುದಿಲ್ಲ. ಬಾಟಲಿಯಲ್ಲೇ ತುಂಬಿ ಬರುವ ತಂಪು ಪಾನೀಯದ್ದೂ ಹಾಗೇ. ಅದೇ ಪಾನೀಯವನ್ನು ದೇಶದೊಳಗೇ, ಸಕ್ಕರೆ ಕೊಂಡು ತಯಾರಿಸಿದರೆ ಆ ಸಕ್ಕರೆ ಲೆಕ್ಕಕ್ಕೆ ಬರುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಸ್ವಂತ ಬಾಟ್ಲಿಂಗ್, ಬೇಕರಿ ಉದ್ಯಮ ಹೆಚ್ಚಿರುವ ದೇಶದಲ್ಲಿ ಸಕ್ಕರೆ ಪೂರೈಕೆ ಜಾಸ್ತಿ ಕಾಣುತ್ತದೆ. ಸಿದ್ಧ ತಿನಿಸು ತರಿಸಿಕೊಳ್ಳುವ ದೇಶದಲ್ಲಿ ಕಡಿಮೆ ಕಾಣುತ್ತದೆ. ಜನರ ಹೊಟ್ಟೆಗೆ ಹೋದದ್ದು ಎರಡೂ ಕಡೆ ಅಷ್ಟೇ ಇರಬಹುದು.

ಪೂರ್ತಿ ಸರಿಪಡಿಸುವುದು ಕಷ್ಟ. ಆದರೆ ಗಾತ್ರವನ್ನಾದರೂ ಅಳೆಯಬಹುದು. ಕಾಮ್‌ಟ್ರೇಡ್‌ನಿಂದ 2202, ಅಂದರೆ ಸಿಹಿ ಪಾನೀಯಗಳ ನಿವ್ವಳ ಆಮದು ತೆಗೆಯಿರಿ. ಸಕ್ಕರೆ ಇರುವ ಸಾಮಾನ್ಯ ತಂಪು ಪಾನೀಯದ ಲೀಟರಿನಲ್ಲಿ ಸುಮಾರು 100 ಗ್ರಾಂ ಸಕ್ಕರೆ. ತಲಾ 40 ಲೀಟರ್ ಆಮದಾಗಿದ್ದರೆ 4 ಕೆಜಿ ಮರೆಯಲ್ಲಿದೆ ಎಂದಾಯಿತು. ಆ ಶೀರ್ಷಿಕೆಯಲ್ಲಿ ಸಕ್ಕರೆ ಇಲ್ಲದ ‘ಡಯಟ್’ ಪಾನೀಯಗಳೂ ಸೇರಿರುವುದರಿಂದ ಇದನ್ನು ಮೇಲ್ಮಿತಿ ಎಂದೇ ಬರೆಯಿರಿ. ಮುಖ್ಯ ಅಂಕಿಗೆ ಕೂಡಿಸಬೇಡಿ, ಪಕ್ಕದಲ್ಲಿ ತೋರಿಸಿ.

ಮಿಠಾಯಿ, ಚಾಕಲೇಟಿಲ್ಲದ ಸಿಹಿತಿಂಡಿಗಳ ಶೀರ್ಷಿಕೆ 1704. ಇವನ್ನು ಎಫ್‌ಎಒ ಸಕ್ಕರೆ ಸಾಲಿಗೇ ಸೇರಿಸುತ್ತದೆ. ಅದನ್ನು ಮತ್ತೆ ಸೇರಿಸಬೇಡಿ.

## ನಿಲ್ಲಿಸಿ ಎನ್ನುವ ಸೂಚನೆಗಳು

ಗ್ರಾಫ್ ಎಳೆಯುವ ಮೊದಲು ನಿಮ್ಮ ಶೀಟನ್ನು ಇವುಗಳ ಮೇಲೆ ಒಮ್ಮೆ ಓಡಿಸಿ.

ತಲಾ ಅಂಕಿ ವರ್ಷಕ್ಕೆ 70 ಕೆಜಿ ದಾಟಿದರೆ ಅನುಮಾನಪಡಿ. ರಫ್ತು ಕಳೆದಿಲ್ಲ, ಇಲ್ಲವೇ ಕೋಟಾವನ್ನು ಆಮದು ಎಂದುಕೊಂಡಿದ್ದೀರಿ. 5 ಕೆಜಿಗಿಂತ ಕಡಿಮೆ ಬಂದರೆ ಆಮದಿನ ಯಾವುದೋ ಸಾಲು ಬಿಟ್ಟುಹೋಗಿದೆ.

ಕ್ಯಾಲರಿ ಪರೀಕ್ಷೆ ಮಾಡಿ. ತಲಾ ಕೆಜಿಯನ್ನು 1000ದಿಂದ ಗುಣಿಸಿ 365ರಿಂದ ಭಾಗಿಸಿದರೆ ದಿನದ ಗ್ರಾಂ ಸಿಗುತ್ತದೆ. 36.5 ಕೆಜಿ ಎಂದರೆ ಸರಿಯಾಗಿ ದಿನಕ್ಕೆ 100 ಗ್ರಾಂ. ಪಟ್ಟಿಯಲ್ಲಿರುವ ದಿನದ ಕಿಲೋಕ್ಯಾಲರಿಯನ್ನು ಈ ಗ್ರಾಂನಿಂದ ಭಾಗಿಸಿ. ಉತ್ತರ 3.5ರಿಂದ 4ರ ಒಳಗೆ ಇರಬೇಕು. ಹೊರಗೆ ಹೋದರೆ ಎರಡು ಬೇರೆ ಬಾಬ್ತುಗಳ ಅಥವಾ ಬೇರೆ ವರ್ಷಗಳ ಸಾಲು ಬೆರೆತಿದೆ.

ಒಂದೇ ವರ್ಷದಲ್ಲಿ ಶೇ 30ಕ್ಕಿಂತ ಜಾಸ್ತಿ ಜಿಗಿತ ಕಂಡರೆ ಮೊದಲು ಪಕ್ಕದ ಅಕ್ಷರ ನೋಡಿ, ಆಮೇಲೆ ದಾಸ್ತಾನು ನೋಡಿ. ಸತತ ವರ್ಷಗಳಲ್ಲಿ ಒಂದೇ ಅಂಕಿ ಮರುಕಳಿಸುತ್ತಿದ್ದರೆ ಅದು ತುಂಬಿಸಿದ ಅಂಕಿ ಇರಬಹುದು. ‘ತಾಳೆಯಾಗದೆ ಉಳಿದದ್ದು’ ಕಾಲಂ ಆಹಾರದ ಕಾಲಂಗೆ ಹತ್ತಿರ ಹತ್ತಿರ ಇದ್ದರೆ ಆ ವರ್ಷವನ್ನೇ ಕೈಬಿಡಿ.

ಸಾಧ್ಯವಾದರೆ ಮನೆಗಳ ಸಮೀಕ್ಷೆಯನ್ನೂ ನೋಡಿ. ಮಾರಿಷಸ್‌ನ 2017 ಮತ್ತು 2023ರ ಹೌಸ್‌ಹೋಲ್ಡ್ ಬಜೆಟ್ ಸರ್ವೆ, ಮಾಲ್ಡೀವ್ಸ್‌ನ 2019ರ ಆದಾಯ–ವೆಚ್ಚ ಸಮೀಕ್ಷೆ ಇವೆ. ಮನೆಯವರು ಕೊಂಡ ಸಕ್ಕರೆ ಫುಡ್ ಬ್ಯಾಲೆನ್ಸ್‌ಗಿಂತ ಕಡಿಮೆ ಇರುವುದೇ ಸಹಜ. ಹೋಟೆಲು, ಬೇಕರಿ, ಕಾರ್ಖಾನೆಗೆ ಹೋದದ್ದು ಅದರಲ್ಲಿ ಇರುವುದಿಲ್ಲ. ಜಾಸ್ತಿ ಬಂದರೆ ಮಾತ್ರ ಏನೋ ತಪ್ಪಿದೆ.

## ಹಂತ 11: ಫಲಿತಾಂಶ ಬರೆಯುವ ರೀತಿ

‘ಮಾಲ್ಡೀವ್ಸ್‌ನವರು ಮಾರಿಷಸ್‌ನವರಿಗಿಂತ ಜಾಸ್ತಿ ಸಕ್ಕರೆ ತಿನ್ನುತ್ತಾರೆ’ ಅಥವಾ ಅದರ ಉಲ್ಟಾ ವಾಕ್ಯವನ್ನು ಈ ಅಂಕಿಗಳಿಂದ ಬರೆಯುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿಯ ಜೊತೆ ನೇರ ಹೋಲಿಕೆಯೂ ಬೇಡ. ಅದು ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ, ಅಂದರೆ 2000 ಕಿಲೋಕ್ಯಾಲರಿಯ ಊಟದಲ್ಲಿ ಸುಮಾರು 50 ಗ್ರಾಂ. ಆ ಮಿತಿ ಒಬ್ಬ ವ್ಯಕ್ತಿ ತಿಂದದ್ದಕ್ಕೆ. ನಮ್ಮ ಅಂಕಿ ದೇಶಕ್ಕೆ ಲಭ್ಯವಾದದ್ದಕ್ಕೆ.

ಹೀಗೆ ಬರೆಯಬಹುದು: ‘ಎಫ್‌ಎಒದ ಹೊಸ ವಿಧಾನದ ಫುಡ್ ಬ್ಯಾಲೆನ್ಸ್ ಪ್ರಕಾರ, 2017–2019ರ ಸರಾಸರಿಯಲ್ಲಿ, ಪ್ರವಾಸಿಗರ ಪಾಲು ಕಳೆದು, ಪ್ರತಿ ನಿವಾಸಿಗೆ ಲಭ್ಯವಿದ್ದ ಸಕ್ಕರೆ ಮಾರಿಷಸ್‌ನಲ್ಲಿ ಇಷ್ಟು, ಮಾಲ್ಡೀವ್ಸ್‌ನಲ್ಲಿ ಇಷ್ಟು ಕೆಜಿ, ಕಚ್ಚಾ ಸಕ್ಕರೆಯ ಲೆಕ್ಕದಲ್ಲಿ. ಆಮದಾದ ಪಾನೀಯ, ಬಿಸ್ಕತ್ತುಗಳ ಸಕ್ಕರೆ ಇದರಲ್ಲಿ ಸೇರಿಲ್ಲ.’ ವಾಕ್ಯ ಉದ್ದವಾಯಿತು, ನಿಜ. ಆದರೆ ಇದರ ಒಂದೊಂದು ತುಣುಕೂ ಮೇಲಿನ ಒಂದೊಂದು ಹಂತಕ್ಕೆ ಉತ್ತರ. ಒಂದನ್ನು ಕಿತ್ತರೂ ಓದುವವರಿಗೆ ತಪ್ಪು ಅರ್ಥ ಹೋಗುತ್ತದೆ.

ಕೊನೆಗೆ ಒಂದು ಪರೀಕ್ಷೆ ಮಾಡಿ. ಜನಸಂಖ್ಯೆಯನ್ನು ನಿವಾಸಿಗಳಿಂದ ನಾಗರಿಕರಿಗೆ ಬದಲಿಸಿ ನೋಡಿ. ಸರಾಸರಿಯ ವರ್ಷಗಳನ್ನು, 2020 ಮತ್ತು 2021 ಒಳಗೆ ಬರದಂತೆ, ಒಂದು ವರ್ಷ ಸರಿಸಿ ನೋಡಿ. ಪಾನೀಯಗಳ ಮೇಲ್ಮಿತಿಯನ್ನು ಒಮ್ಮೆ ಕೂಡಿಸಿ ನೋಡಿ. ಮೂರರಲ್ಲೂ ಅದೇ ದೇಶ ಮೇಲಿದ್ದರೆ ಹಾಗೆಂದು ಧೈರ್ಯವಾಗಿ ಬರೆಯಿರಿ. ಯಾವುದಾದರೂ ಒಂದರಲ್ಲಿ ಸ್ಥಾನ ತಿರುಗಿದರೆ ‘ಎರಡು ದೇಶಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣುವುದಿಲ್ಲ’ ಎಂದು ಬರೆದು, ಯಾವ ಬದಲಾವಣೆಗೆ ಸ್ಥಾನ ತಿರುಗಿತು ಎಂಬುದನ್ನು ಪಟ್ಟಿಯ ಕೆಳಗೇ ಸೇರಿಸಿ.